ಮೊದಲು ಗಂಟೆ, ಆಮೇಲೆ ಕೆಲಸ: ದಿನದ ಯೋಜನೆ ಹಾಕುವ ಕ್ರಮ

ಬೆಳಿಗ್ಗೆ 14 ಕೆಲಸಗಳ ಪಟ್ಟಿ ಬರೆದು, ರಾತ್ರಿ ಅದರಲ್ಲಿ ನಾಲ್ಕಕ್ಕೆ ಮಾತ್ರ ಗೆರೆ ಎಳೆದು, ಉಳಿದ ಹತ್ತನ್ನು ಮರುದಿನದ ಹಾಳೆಗೆ ಇಳಿಸಿಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ನನಗೂ ಹಲವು ವರ್ಷ ಇತ್ತು. ಇದಕ್ಕೆ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ಕಾರಣ ಸೋಮಾರಿತನ, ಇಲ್ಲವೇ ಶಿಸ್ತಿನ ಕೊರತೆ. ಆದರೆ ಅಂಥ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು, ಪ್ರತಿ ಕೆಲಸದ ಮುಂದೆ ಅದಕ್ಕೆ ಬೇಕಾದ ನಿಮಿಷಗಳನ್ನು ಬರೆದು ಕೂಡಿ ನೋಡಿದಾಗ ನನಗೆ ಸಿಕ್ಕ ಮೊತ್ತ 13 ಗಂಟೆ. ಅಂದು ಕೈಯಲ್ಲಿ ನಿಜವಾಗಿ ಇದ್ದದ್ದು ನಾಲ್ಕು ಗಂಟೆಗೂ ಕಡಿಮೆ. ಎಷ್ಟೇ ಶಿಸ್ತಿನ ಮನುಷ್ಯನಾದರೂ ನಾಲ್ಕು ಗಂಟೆಯೊಳಗೆ 13 ಗಂಟೆಯ ಕೆಲಸವನ್ನು ತುರುಕಲಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಣದ ವಿಷಯದಲ್ಲಿ ಮತ್ತೆ ಮತ್ತೆ ಹೇಳುವ ನಾವು, ಹೊತ್ತಿನ ವಿಷಯದಲ್ಲಿ ಹಾಸಿಗೆಯನ್ನು ಅಳೆಯುವುದೇ ಇಲ್ಲ.

ಆದ್ದರಿಂದ ಇಲ್ಲಿ ವಿವರಿಸುವ ಕ್ರಮ ಕೆಲಸಗಳ ಪಟ್ಟಿಯಿಂದ ಶುರುವಾಗುವುದಿಲ್ಲ. ಗಂಟೆಗಳ ಲೆಕ್ಕದಿಂದ ಶುರುವಾಗುತ್ತದೆ. ಆಡಳಿತಶಾಸ್ತ್ರದ ಚಿಂತಕ ಪೀಟರ್ ಡ್ರಕರ್ ಕೂಡ 1960ರ ದಶಕದಲ್ಲೇ ಇದನ್ನು ಒತ್ತಿ ಹೇಳಿದ್ದರು: ಯೋಜನೆ ಹಾಕುವ ಮೊದಲು ತಮ್ಮ ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು, ಅದನ್ನು ನೆನಪಿನಿಂದಲ್ಲ, ಬರಹದಿಂದ ಕಂಡುಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು.

ಮೊದಲ ಹೆಜ್ಜೆ: ಮೂರು ದಿನ ಬರೆದಿಡುವುದು

ಒಂದು ಸಣ್ಣ ಪುಸ್ತಕವನ್ನೋ ಮೊಬೈಲಿನ ಟಿಪ್ಪಣಿ ಪುಟವನ್ನೋ ತೆಗೆದುಕೊಂಡು, ಮೂರು ಮಾಮೂಲಿ ದಿನಗಳ ಮಟ್ಟಿಗೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗಲೆಲ್ಲ ವೇಳೆಯನ್ನೂ ಕೆಲಸವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ರಜಾದಿನವನ್ನೋ ಊರಿಗೆ ಹೊರಟ ದಿನವನ್ನೋ ಆರಿಸಿಕೊಂಡರೆ ಲೆಕ್ಕ ಕೆಡುತ್ತದೆ. ಈ ಮೂರು ದಿನ ಯಾವ ಅಭ್ಯಾಸವನ್ನೂ ತಿದ್ದಿಕೊಳ್ಳಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಖಲಿಸಿದರೆ ಸಾಕು. ಒಂದೇ ಒಂದು ಎಚ್ಚರಿಕೆ ಬೇಕು: ಆಯಾ ಹೊತ್ತಿನಲ್ಲೇ ಬರೆಯಬೇಕು. ಸಂಜೆ ಕುಳಿತು ನೆನಪು ಮಾಡಿಕೊಂಡು ಬರೆದ ದಾಖಲೆ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನನ್ನ ಮೊದಲ ದಿನದ ಪುಟದ ಆರಂಭ ಹೀಗಿತ್ತು. 9.00, ಇಮೇಲ್. 9.40, ಕರಡು ತೆರೆದೆ. 9.50, ಫೋನ್. 10.05, ಫೋನ್ ಕೈಯಲ್ಲಿತ್ತೆಂದು ಸುದ್ದಿ ಓದಿದೆ. 10.30, ಮತ್ತೆ ಕರಡು, ಎಲ್ಲಿಗೆ ನಿಲ್ಲಿಸಿದ್ದೆನೆಂದು ಹುಡುಕಿದೆ. 10.55, ಇನ್ನೊಂದು ಫೋನ್. ಬೆಳಗ್ಗೆಯೆಲ್ಲ ಕರಡಿನ ಮೇಲೆಯೇ ಕೂತಿದ್ದೆ ಎಂಬ ಭಾವನೆಯಲ್ಲಿ ಊಟಕ್ಕೆ ಎದ್ದಿದ್ದೆ; ಪುಟದ ಪ್ರಕಾರ ಹನ್ನೊಂದು ಗಂಟೆಯವರೆಗಿನ ಎರಡು ಗಂಟೆಗಳಲ್ಲಿ ಕರಡಿಗೆ ಸಿಕ್ಕಿದ್ದು 35 ನಿಮಿಷ. ಈ ಪುಟವನ್ನು ಯಾರಿಗೂ ತೋರಿಸಬೇಕಾಗಿಲ್ಲವಾದ್ದರಿಂದ ಸುಳ್ಳು ಬರೆಯುವ ಅಗತ್ಯವೂ ಇರುವುದಿಲ್ಲ.

ಮೂರನೆಯ ದಿನದ ರಾತ್ರಿ ಸಾಲುಗಳನ್ನು ನಾಲ್ಕು ಗುಂಪುಗಳಿಗೆ ಹಂಚಿ: ನಿಮ್ಮ ಮುಖ್ಯ ಕೆಲಸ, ಇತರರಿಗಾಗಿ ಕೊಡಲೇಬೇಕಾದ ಹೊತ್ತು, ಇಮೇಲ್ ಹಾಗೂ ಫೋನಿನಂಥ ಚಿಲ್ಲರೆ ಓಡಾಟ, ಮತ್ತು ಊಟ, ವಿಶ್ರಾಂತಿ, ಪ್ರಯಾಣ. ಯಾವ ಗುಂಪಿಗೆ ಸೇರಿಸಬೇಕೆಂದು ತಿಳಿಯದ ಸಾಲುಗಳೂ ಒಂದಷ್ಟು ಉಳಿಯುತ್ತವೆ. ಅವುಗಳ ಮೊತ್ತ ನೋಡಿ ಬೇಸರಪಟ್ಟುಕೊಳ್ಳುವ ಬದಲು ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಕೈಗೆ ಸಿಗುವ ಗಂಟೆಗಳನ್ನು ಎಣಿಸುವುದು

ಈಗ ಕಳೆಯುವ ಲೆಕ್ಕ. ಬೆಳಿಗ್ಗೆ 9.30ರಿಂದ ಸಂಜೆ 5.30ರವರೆಗೆ ಕಚೇರಿಯಲ್ಲಿರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು ಎಂಟು ಗಂಟೆ, ಅಂದರೆ 480 ನಿಮಿಷ. ಊಟಕ್ಕೆ 45 ನಿಮಿಷ, ಮೊದಲೇ ಗೊತ್ತಾದ ಮೀಟಿಂಗಿಗೆ 90 ನಿಮಿಷ, ಮೂರು ದಿನದ ದಾಖಲೆಯ ಪ್ರಕಾರ ಇಮೇಲ್ ಮತ್ತು ಫೋನಿಗೆ 90 ನಿಮಿಷ, ನಡುನಡುವಿನ ವಿರಾಮ ಹಾಗೂ ದಿನದ ಕೊನೆಯ ಒಪ್ಪಓರಣಕ್ಕೆ 45 ನಿಮಿಷ. ಇವೆಲ್ಲ ಸೇರಿ 270 ನಿಮಿಷ ಹೋಯಿತು. ಉಳಿದದ್ದು 210 ನಿಮಿಷ, ಮೂರೂವರೆ ಗಂಟೆ.

ಈ ಮೂರೂವರೆ ಗಂಟೆಯನ್ನೂ ಪೂರ್ತಿ ತುಂಬಿಸಬಾರದು. ಅದರಲ್ಲಿ ಕಾಲು ಭಾಗವನ್ನು, ಅಂದರೆ ಸುಮಾರು 50 ನಿಮಿಷವನ್ನು, ಏನೂ ಬರೆಯದೆ ಖಾಲಿ ಬಿಡಬೇಕು. ಮುನ್ಸೂಚನೆಯಿಲ್ಲದೆ ಬರುವ ಕೆಲಸ ಯಾವುದೆಂದು ನಮಗೆ ತಿಳಿಯದಿದ್ದರೂ, ಒಂದಲ್ಲ ಒಂದು ಬಂದೇ ಬರುತ್ತದೆಂಬುದು ತಿಳಿದಿದೆ. ತಿಳಿದಿರುವ ಖರ್ಚಿಗೆ ಹೊತ್ತು ತೆಗೆದಿಡದಿರುವುದು ಲೆಕ್ಕದ ತಪ್ಪೇ. ಹಾಗೆ ಮಾಡಿದಾಗ ಎಂಟು ಗಂಟೆಯ ದಿನದಲ್ಲಿ ನಿಮ್ಮ ಆಯ್ಕೆಯ ಕೆಲಸಕ್ಕೆ ಸಿಗುವುದು 160 ನಿಮಿಷ. ಮೊದಲ ಸಲ ಈ ಸಂಖ್ಯೆಯನ್ನು ನೋಡಿದವರು ಎಲ್ಲೋ ಕಳೆಯುವಾಗ ತಪ್ಪಾಗಿರಬೇಕೆಂದು ಮತ್ತೆ ಲೆಕ್ಕ ಹಾಕುತ್ತಾರೆ. ಮನೆಯಿಂದ ಕೆಲಸ ಮಾಡುವವರ, ಓದುವ ವಿದ್ಯಾರ್ಥಿಗಳ ಸಂಖ್ಯೆಗಳು ಬೇರೆಯಾಗಿರಬಹುದು. ಕಳೆಯುವ ವಿಧಾನ ಮಾತ್ರ ಒಂದೇ.

ಮೂರನೆಯ ಹೆಜ್ಜೆ: ದೊಡ್ಡ ಪಟ್ಟಿ ಬೇರೆ, ದಿನದ ಪಟ್ಟಿ ಬೇರೆ

ಮಾಡಬೇಕಾದ ಎಲ್ಲವನ್ನೂ, ಮುಂದಿನ ವರ್ಷ ಮಾಡಬಹುದಾದುದನ್ನೂ ಸೇರಿಸಿ, ಒಂದು ಕಡೆ ಬರೆದಿಡಿ. ಇದು ಉಗ್ರಾಣ. ಇದನ್ನು ದಿನವೂ ಪೂರ್ತಿ ಓದಬೇಕಾಗಿಲ್ಲ, ಮುಗಿಸಬೇಕಾಗಿಯಂತೂ ಇಲ್ಲವೇ ಇಲ್ಲ. ದಿನದ ಹಾಳೆಗೆ ಬರುವುದು ಈ ಉಗ್ರಾಣದಿಂದ ಅಂದು ಬೇಕಾದಷ್ಟು ಮಾತ್ರ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟುಕೊಂಡಾಗ, ಎಷ್ಟು ಮುಗಿಸಿದರೂ ಪಟ್ಟಿ ಕರಗದೆ, ದುಡಿದ ದಿನವೂ ಸೋತಂತೆ ಕಾಣುತ್ತದೆ.

ಬರೆದಿಡುವುದರಿಂದ ಇನ್ನೊಂದು ಲಾಭವಿದೆ. ಮುಗಿಯದ ಕೆಲಸಗಳು ಮುಗಿದವುಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಿಸಿದ್ದರು. ನೆನಪಿನ ಕುರಿತಾದ ಆ ತೀರ್ಮಾನ ಎಲ್ಲ ಸಂದರ್ಭಗಳಿಗೂ ಹೊಂದುವುದೇ ಎಂಬ ಚರ್ಚೆ ಇಂದಿಗೂ ಇದೆ. ಆದರೆ ಅರ್ಧಕ್ಕೆ ಬಿಟ್ಟ ಕೆಲಸ ಬೇರೆ ಕೆಲಸದ ನಡುವೆ ತಲೆಹಾಕುವುದು ಎಲ್ಲರ ಅನುಭವ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಕಿ ಇದ್ದ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿದವರಿಗೆ ಈ ಕಾಟ ಕಡಿಮೆಯಾಗಿತ್ತು. ಗಮನಿಸಬೇಕಾದ ಅಂಶವೇನೆಂದರೆ, ಅವರು ಆ ಕೆಲಸವನ್ನು ಇನ್ನೂ ಮಾಡಿರಲಿಲ್ಲ, ಯೋಜನೆಯಷ್ಟೇ ಹಾಕಿದ್ದರು.

ನಾಲ್ಕನೆಯ ಹೆಜ್ಜೆ: ಕೆಲಸವನ್ನು ಬಿಡಿಸಿ ಬರೆಯುವುದು

"ವರದಿ" ಎಂದು ಬರೆದರೆ ಅದು ಕೆಲಸವಲ್ಲ, ಶೀರ್ಷಿಕೆ. "ಕಳೆದ ತಿಂಗಳ ಅಂಕಿಗಳನ್ನು ಕೋಷ್ಟಕಕ್ಕೆ ತುಂಬುವುದು", "ಮೊದಲ ಎರಡು ಭಾಗಗಳ ಕರಡು ಬರೆಯುವುದು", "ಕರಡನ್ನು ಮೇಲಧಿಕಾರಿಗೆ ಕಳಿಸುವುದು" ಎಂದು ಕ್ರಿಯಾಪದದಲ್ಲಿ ಮುಗಿಯುವಂತೆ ಬರೆಯಿರಿ. ಒಂದು ತುಣುಕು 90 ನಿಮಿಷಕ್ಕಿಂತ ಹೆಚ್ಚು ಬೇಡುವುದಾದರೆ ಅದನ್ನು ಇನ್ನೊಮ್ಮೆ ಒಡೆಯಿರಿ. ದಿನಗಟ್ಟಲೆ ಮುಂದಕ್ಕೆ ಹೋಗುತ್ತಿರುವ ಕೆಲಸಗಳನ್ನು ಪರೀಕ್ಷಿಸಿದರೆ ಅವುಗಳಲ್ಲಿ ಹೆಚ್ಚಿನವು ಹೀಗೆ ಬಿಡಿಸದೆ ಉಳಿದ ಶೀರ್ಷಿಕೆಗಳೇ ಆಗಿರುತ್ತವೆ. ಎಲ್ಲಿಂದ ಹಿಡಿಯಬೇಕೆಂದು ತಿಳಿಯದ ಗಂಟನ್ನು ಕೈ ತಾನಾಗಿಯೇ ಪಕ್ಕಕ್ಕೆ ಸರಿಸುತ್ತದೆ.

ಐದನೆಯ ಹೆಜ್ಜೆ: ಅಂದಾಜು ಬರೆದು, ಆಮೇಲೆ ಅದನ್ನು ಹಿಗ್ಗಿಸುವುದು

ಇಡೀ ಕ್ರಮದಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಊಹಿಸುವಾಗ ನಾವು ಕಡಿಮೆಯನ್ನೇ ಊಹಿಸುತ್ತೇವೆ, ಅದೇ ಬಗೆಯ ಕೆಲಸ ಹಿಂದೆ ಹತ್ತು ಸಲ ತಡವಾಗಿದ್ದರೂ ಕಡಿಮೆಯನ್ನೇ ಊಹಿಸುತ್ತೇವೆ. ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟವಾದ ಲೇಖನದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಯೋಜನಾ ಭ್ರಮೆ ಎನ್ನಬಹುದು. ಕೆಲಸ ಹೇಗೆ ಸಾಗುತ್ತದೆಂದು ಕಲ್ಪಿಸಿಕೊಳ್ಳುವಾಗ ನಮ್ಮ ಕಣ್ಣ ಮುಂದೆ ಬರುವುದು ಎಲ್ಲವೂ ಸರಾಗವಾಗಿ ನಡೆಯುವ ಚಿತ್ರ. ಇಂಥ ಕೆಲಸಗಳಿಗೆ ಹಿಂದೆ ಎಷ್ಟು ಹೊತ್ತು ಹಿಡಿದಿತ್ತೆಂಬ ದಾಖಲೆಯ ಕಡೆಗೆ ಕಣ್ಣು ಹೋಗುವುದಿಲ್ಲ.

1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸುತ್ತದೆ. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಗಳಲ್ಲಿ ಮುಗಿಸುವಿರೆಂದು ಕೇಳಿದಾಗ ಅವರ ಊಹೆಯ ಸರಾಸರಿ 33.9 ದಿನ. ಎಲ್ಲವೂ ತೀರಾ ಕೆಟ್ಟದಾಗಿ ನಡೆದರೆ ಎಷ್ಟಾದೀತೆಂದು ಕೇಳಿದಾಗ 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಅವರ ಕೆಟ್ಟ ಊಹೆಯೂ ವಾಸ್ತವಕ್ಕಿಂತ ಒಂದು ವಾರದಷ್ಟು ಹಿಂದೆ ಬಿದ್ದಿತ್ತು.

ಇದಕ್ಕೆ ಮದ್ದು ಇನ್ನೂ ಚೆನ್ನಾಗಿ ಊಹಿಸಲು ಪ್ರಯತ್ನಿಸುವುದಲ್ಲ, ಊಹೆಯನ್ನು ಗುಣಿಸುವುದು. ಎರಡು ವಾರ ಪ್ರತಿ ಕೆಲಸದ ಮುಂದೆ ಎರಡು ಸಂಖ್ಯೆ ಬರೆಯಿರಿ: ಶುರುಮಾಡುವ ಮೊದಲು ಅಂದಾಜು, ಮುಗಿದ ಮೇಲೆ ವಾಸ್ತವ. ಕರಡಚ್ಚು ತಿದ್ದುವುದು ನನ್ನ ದಿನನಿತ್ಯದ ಕೆಲಸಗಳಲ್ಲಿ ಒಂದು, ಅದರಲ್ಲಿ ನಾನು ಪಳಗಿದವನೆಂದೇ ತಿಳಿದಿದ್ದೆ. ಪುಸ್ತಕದಲ್ಲಿ ದಾಖಲಾದದ್ದು ಹೀಗೆ: 60 ನಿಮಿಷ ಎಂದದ್ದು 110 ಆಯಿತು, 45 ಎಂದದ್ದು 80 ಆಯಿತು, 90 ಎಂದದ್ದು 150 ಆಯಿತು. ಮೂರರಲ್ಲೂ ಅನುಪಾತ ಹೆಚ್ಚು ಕಡಿಮೆ ಒಂದಕ್ಕೆ ಒಂದೂಮುಕ್ಕಾಲು. ಅಂದಿನಿಂದ ಆ ಕೆಲಸದ ಮಟ್ಟಿಗೆ ಮನಸ್ಸಿಗೆ ಮೊದಲು ಹೊಳೆದ ಸಂಖ್ಯೆಯನ್ನು 1.75ರಿಂದ ಗುಣಿಸಿಯೇ ಬರೆಯುತ್ತೇನೆ. ಮೇಲಿನ ವಿದ್ಯಾರ್ಥಿಗಳ ಅನುಪಾತವನ್ನು ಲೆಕ್ಕ ಹಾಕಿದರೆ ಅದೂ 1.6ರ ಆಸುಪಾಸಿನಲ್ಲಿದೆಯೆಂಬುದನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಗಿತ್ತು. ನಿಮ್ಮ ದಾಖಲೆ ಸಿದ್ಧವಾಗುವವರೆಗೆ ಒಂದೂವರೆಯಿಂದ ಗುಣಿಸಿಕೊಂಡು ಹೋಗಬಹುದು. ಗುಣಕ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ: ಮಾಡಿ ರೂಢಿಯಾದ ಯಾಂತ್ರಿಕ ಕೆಲಸಕ್ಕೆ ಅದು ಒಂದರ ಹತ್ತಿರ ಇರುತ್ತದೆ, ಹೊಸ ಕೆಲಸಕ್ಕೆ ಎರಡನ್ನು ದಾಟುವುದೂ ಉಂಟು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೊಟ್ಟ ಕಾಲಾವಕಾಶವನ್ನು ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ನಗೆಬರಹವೊಂದರಲ್ಲಿ ಹೇಳಿದ್ದು ಈಗ ನಿಯಮದಂತೆಯೇ ಉಲ್ಲೇಖವಾಗುತ್ತದೆ. ಗುಣಿಸಿ ಬಂದ ಸಂಖ್ಯೆ ಯೋಜನೆ ಹಾಕಲು ಮಾತ್ರ. ಕೆಲಸಕ್ಕೆ ಕೂತಾಗ ಮೊದಲಿನ ಅಂದಾಜಿಗೇ ಗಡಿಯಾರ ಇಟ್ಟುಕೊಳ್ಳುವುದು ಲೇಸು. ಬೇಗ ಮುಗಿದರೆ ಉಳಿದ ಹೊತ್ತು ನಿಮ್ಮದು.

ಆರನೆಯ ಹೆಜ್ಜೆ: ಆರಿಸುವುದು

160 ನಿಮಿಷ ಇದೆ. ಉಗ್ರಾಣದಲ್ಲಿ ಐವತ್ತು ಕೆಲಸಗಳಿವೆ. ಯಾವುದನ್ನು ಎತ್ತಿಕೊಳ್ಳಬೇಕು? ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ, ಕಾಲೇಜಿನ ಮುಖ್ಯಸ್ಥರೊಬ್ಬರ ಮಾತೆಂದು ಹೇಳಿ, ತುರ್ತಾದುದು ಮತ್ತು ಮುಖ್ಯವಾದುದು ಎಂಬ ಎರಡು ಬಗೆಯ ಸಮಸ್ಯೆಗಳನ್ನು ಪ್ರಸ್ತಾಪಿಸಿದ್ದರು. ಆ ಮಾತಿನಿಂದ ಬೆಳೆದು ಬಂದ, ಕೆಲಸಗಳನ್ನು ತುರ್ತೋ ಅಲ್ಲವೋ, ಮುಖ್ಯವೋ ಅಲ್ಲವೋ ಎಂದು ವಿಂಗಡಿಸುವ ನಾಲ್ಕು ಮನೆಗಳ ಚೌಕವನ್ನು ಅನೇಕರು ನೋಡಿರುತ್ತಾರೆ. ದಿನವೂ ಚೌಕ ಗೀಚಿ ಐವತ್ತು ಕೆಲಸಗಳನ್ನು ಹಂಚುವುದು ನನ್ನ ಮಟ್ಟಿಗೆ ಕೆಲಸ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗಿಬಿಟ್ಟಿತ್ತು. ಅದರ ಬದಲು ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕಾಗುತ್ತದೆ. ಇಂದು ಮಾಡದಿದ್ದರೆ ನಾಳೆ ಬೆಳಿಗ್ಗೆ ಯಾರಿಗಾದರೂ ನಿಜವಾದ ತೊಂದರೆ ಆಗುವ ಕೆಲಸ ಯಾವುದು? ಯಾರೂ ಕೇಳದಿದ್ದರೂ, ಒಂದು ತಿಂಗಳು ಮುಟ್ಟದೆ ಬಿಟ್ಟರೆ ನಾನೇ ಪಶ್ಚಾತ್ತಾಪಪಡುವ ಕೆಲಸ ಯಾವುದು? ಮೊದಲ ಪ್ರಶ್ನೆಗೆ ಉತ್ತರವಾಗಿ ಬಂದವುಗಳ ಜೊತೆಗೆ ಎರಡನೆಯದರಿಂದ ಕನಿಷ್ಠ ಒಂದು ತುಣುಕು, 30 ನಿಮಿಷದ್ದಾದರೂ, ಹಾಳೆಗೆ ಇಳಿಯಬೇಕು. ಪರೀಕ್ಷೆಯ ಓದು, ವ್ಯಾಯಾಮ, ಹೊಸ ಭಾಷೆಯ ಕಲಿಕೆ, ಬರೆಯಬೇಕೆಂದಿರುವ ಪುಸ್ತಕ ಇಂಥವೆಲ್ಲ ಈ ಎರಡನೆಯ ಜಾತಿಯವು. ಇವು ಯಾವತ್ತೂ ಬಾಗಿಲು ಬಡಿಯುವುದಿಲ್ಲ.

ಆರಿಸಿದ ಕೆಲಸಗಳ ನಿಮಿಷಗಳನ್ನು ಕೂಡಿ. ಮೊತ್ತ 160 ಮೀರಿದರೆ, ಕೊನೆಯದನ್ನು ಈಗಲೇ ತೆಗೆಯಿರಿ. ಹೇಗೂ ಸಂಜೆ ಉಳಿಯುವ ಕೆಲಸವನ್ನು ಬೆಳಿಗ್ಗೆಯೇ ಬಿಟ್ಟರೆ, ಅದಕ್ಕಾಗಿ ಕಾಯುತ್ತಿರುವವರಿಗೆ ಬೆಳಿಗ್ಗೆಯೇ ತಿಳಿಸಲೂಬಹುದು.

ಏಳನೆಯ ಹೆಜ್ಜೆ: ಕೆಲಸವನ್ನು ಗಂಟೆಗೆ ಕಟ್ಟುವುದು

ಮೇಲಿನ ಉದಾಹರಣೆಯ ವ್ಯಕ್ತಿಯ ಹಾಳೆ ಹೀಗಿರಬಹುದು. 9.30ರಿಂದ 10ರವರೆಗೆ ಇಮೇಲ್. 10ರಿಂದ 11.15, ವರದಿಯ ಮೊದಲ ಎರಡು ಭಾಗಗಳ ಕರಡು. 15 ನಿಮಿಷದ ವಿರಾಮದ ಬಳಿಕ 11.30ರಿಂದ 1ರವರೆಗೆ ಮೀಟಿಂಗ್. ಊಟ. 1.45ರಿಂದ 2.30, ಇಮೇಲ್ ಮತ್ತು ಫೋನ್. 2.30ರಿಂದ 3.10, ಖರ್ಚಿನ ನಮೂನೆಗಳನ್ನು ತುಂಬುವುದು. ಪುನಃ ಸಣ್ಣ ವಿರಾಮ. 3.25ರಿಂದ 4.10, ಸಹೋದ್ಯೋಗಿಯ ಕರಡು ಓದಿ ಟಿಪ್ಪಣಿ ಬರೆಯುವುದು. 4.10ರಿಂದ 5, ಖಾಲಿ. 5ಕ್ಕೆ ಉಳಿದ ಇಮೇಲ್, 5.15ಕ್ಕೆ ನಾಳೆಯ ಹಾಳೆ. ಮುಖ್ಯ ಕೆಲಸಗಳು 75, 40 ಮತ್ತು 45, ಸೇರಿ 160 ನಿಮಿಷ.

ಕರಡು ಬೆಳಿಗ್ಗೆ ಇದ್ದು ನಮೂನೆ ತುಂಬುವುದು ಮಧ್ಯಾಹ್ನ ಇರುವುದು ಆಕಸ್ಮಿಕವಲ್ಲ. ಮಧ್ಯಾಹ್ನದ ಆರಂಭದ ಹೊತ್ತಿನಲ್ಲಿ ಎಚ್ಚರ ಕುಗ್ಗುವುದು ಊಟದ ಭಾರದಿಂದ ಮಾತ್ರ ಅಲ್ಲ. ದೇಹದ ದೈನಿಕ ಲಯದಲ್ಲೇ ಆ ಇಳಿತವಿದೆ, ಊಟ ಬಿಟ್ಟರೂ ಅದು ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಕೈಕೆಲಸದಂಥ ಕೆಲಸ ಇಟ್ಟುಕೊಂಡರೆ ಜಗಳವಿಲ್ಲ. ಹಾಗೆಂದು ಎಲ್ಲರಿಗೂ ಬೆಳಗಿನ ಹೊತ್ತೇ ಶ್ರೇಷ್ಠವೆಂದು ಹೇಳಲಾಗದು. ಕೆಲವರ ಲಯ ತಡವಾಗಿ ಏರುತ್ತದೆ, ಅದು ಬಹುಮಟ್ಟಿಗೆ ಹುಟ್ಟು ಹಾಗೂ ವಯಸ್ಸಿಗೆ ಸಂಬಂಧಿಸಿದ್ದು. ರಾತ್ರಿ ಹತ್ತಕ್ಕೆ ತಲೆ ತಿಳಿಯಾಗುವವರು ನಸುಕಿನ ನಾಲ್ಕಕ್ಕೆ ಅಲಾರಾಂ ಇಟ್ಟುಕೊಂಡು ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಮೂರು ದಿನದ ದಾಖಲೆಯಲ್ಲಿ ಯಾವ ಹೊತ್ತಿನ ಸಾಲುಗಳು ಉದ್ದವಾಗಿ, ಅಡ್ಡಿಯಿಲ್ಲದೆ ಸಾಗಿವೆಯೋ ಅದೇ ನಿಮ್ಮ ಒಳ್ಳೆಯ ಹೊತ್ತು.

ನಿಗದಿತ ಗಂಟೆಗೆ ಕೆಲಸ ಶುರುವಾಗದಿರುವುದೇ ನಿಮ್ಮ ತೊಂದರೆಯಾದರೆ, ಗಂಟೆಯ ಬದಲು ಒಂದು ಘಟನೆಗೆ ಅದನ್ನು ಕಟ್ಟಿರಿ: "ಮೀಟಿಂಗ್ ಮುಗಿದು ಕುರ್ಚಿಗೆ ಮರಳಿದ ಕೂಡಲೇ ಕರಡಿನ ಫೈಲು ತೆರೆಯುತ್ತೇನೆ." ಇಂಥ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಬಗೆಯ ಸಂಕಲ್ಪಗಳು ಬರೀ "ಮಾಡುತ್ತೇನೆ" ಎಂಬ ಸಂಕಲ್ಪಕ್ಕಿಂತ ಹೆಚ್ಚು ಕೈಗೂಡುತ್ತವೆಂದು ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನ್ ಮನೋವಿಜ್ಞಾನಿ 1990ರ ದಶಕದಿಂದ ನಡೆಸಿದ ಅಧ್ಯಯನಗಳು ತೋರಿಸಿವೆ.

ಎಂಟನೆಯ ಹೆಜ್ಜೆ: ಅಡ್ಡಿಗಳ ಜೊತೆ ಹೊಂದಾಣಿಕೆ

ಒಂದು ಕೆಲಸವನ್ನು ನಡುವೆ ಬಿಟ್ಟು ಇನ್ನೊಂದಕ್ಕೆ ಹೊರಳಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದನ್ನು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಆದ್ದರಿಂದ 75 ನಿಮಿಷದ ತುಣುಕಿನ ಮಟ್ಟಿಗೆ ಫೋನನ್ನು ಮೌನಗೊಳಿಸಿದರೆ ಸಾಲದು, ಕೈಗೆಟುಕದಷ್ಟು ದೂರ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಇಡಬೇಕು. ತುರ್ತು ಕರೆ ಬರಬಹುದಾದವರು ಮನೆಯವರ ಸಂಖ್ಯೆಗಳಿಗೆ ಮಾತ್ರ ಸದ್ದು ಬರುವಂತೆ ಹೊಂದಿಸಿಕೊಳ್ಳಬಹುದು.

ಹೊರಗಿನ ಅಡ್ಡಿಗಿಂತ ಒಳಗಿನದು ಹೆಚ್ಚು ಜಾಣ. ಕರಡು ಬರೆಯುತ್ತಿರುವಾಗಲೇ ಯಾರಿಗೋ ಉತ್ತರಿಸಬೇಕಿತ್ತೆಂದು ನೆನಪಾಗುತ್ತದೆ. ಪಕ್ಕದಲ್ಲೊಂದು ಕಾಗದದ ಚೂರು ಇಟ್ಟುಕೊಂಡು ಅದನ್ನು ಎರಡು ಪದಗಳಲ್ಲಿ ಗೀಚಿ ಮುಂದುವರಿಯಿರಿ. ಎದ್ದು ಹೋಗಲೇಬೇಕಾದ ಸಂದರ್ಭದಲ್ಲಿ, ಏಳುವ ಮೊದಲು ಅರ್ಧ ನಿಮಿಷ ಖರ್ಚು ಮಾಡಿ ಮುಂದಿನ ವಾಕ್ಯ ಏನೆಂದು, ಅಥವಾ ಯಾವ ಸಂಖ್ಯೆಯನ್ನು ತಾಳೆ ನೋಡುತ್ತಿದ್ದಿರೆಂದು ಬರೆದು ಏಳಿ. ಮರಳಿ ಬಂದಾಗ ಎಲ್ಲಿದ್ದೆವೆಂದು ಹುಡುಕುವ ಹತ್ತು ನಿಮಿಷ ಇದರಿಂದ ಉಳಿಯುತ್ತದೆ. ನನ್ನ ಅನುಭವದಲ್ಲಿ ಈ ಇಡೀ ಲೇಖನದ ಅತ್ಯಂತ ಅಗ್ಗದ ಉಪಾಯ ಇದು.

ದೀರ್ಘಕಾಲ ಕೂರಲು ಆಗದವರಿಗೆ 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಪೊಮೊಡೊರೊ ಕ್ರಮವಿದೆ. ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಟೊಮೇಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿಕೊಂಡ ವಿಧಾನವಾದ್ದರಿಂದ ಟೊಮೇಟೊಗಿರುವ ಇಟಾಲಿಯನ್ ಹೆಸರೇ ಅದಕ್ಕೂ ಬಂತು. ಶುರುಮಾಡಲು ಮನಸ್ಸೇ ಇಲ್ಲದ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಬರವಣಿಗೆಯಂಥ ಕೆಲಸದಲ್ಲಿ, ಕೈ ಹತ್ತಿದ ಹೊತ್ತಿಗೇ ಗಂಟೆ ಬಾರಿಸುವುದು ಕಿರಿಕಿರಿ. ಆಗ ಅದನ್ನು ಲೆಕ್ಕಿಸದೆ ಮುಂದುವರಿದರೆ ಯಾವ ನಿಯಮವೂ ಮುರಿದು ಬೀಳುವುದಿಲ್ಲ.

ಒಂಬತ್ತನೆಯ ಹೆಜ್ಜೆ: ದಿನ ಹಳಿ ತಪ್ಪಿದಾಗ

ಮೀಟಿಂಗ್ ಒಂದು ಗಂಟೆ ಹೆಚ್ಚು ನಡೆಯಿತು, ಮಗುವಿಗೆ ಜ್ವರವೆಂದು ಶಾಲೆಯಿಂದ ಕರೆ ಬಂತು, ಕಂಪ್ಯೂಟರ್ ಕೈಕೊಟ್ಟಿತು. ಇಂಥ ದಿನ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಯೋಜನೆಯನ್ನು ಪೂರ್ತಿ ಕೈಬಿಡುವುದು, ಇಲ್ಲವೇ ತಪ್ಪಿದ ಹೊತ್ತನ್ನು ರಾತ್ರಿಯ ನಿದ್ದೆಯಿಂದ ಕತ್ತರಿಸಿ ತುಂಬುವುದು. ಎರಡೂ ಮರುದಿನವನ್ನೂ ಕೆಡಿಸುತ್ತವೆ. ಬದಲಿಗೆ, ಹಳಿ ತಪ್ಪಿದ್ದು ಗಮನಕ್ಕೆ ಬಂದ ಕೂಡಲೇ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಗೆರೆಯ ಕೆಳಗೆ ಉಳಿದ ಗಂಟೆಗಳಿಗೆ ಮಾತ್ರ ಹೊಸ ಲೆಕ್ಕ ಹಾಕಿರಿ. ಮಧ್ಯಾಹ್ನ ಮೂರಕ್ಕೆ ಎರಡು ಗಂಟೆ ಉಳಿದಿದ್ದರೆ, ಆ ಎರಡು ಗಂಟೆಯೇ ಈಗಿನ ಹಾಸಿಗೆ. ಗೆರೆಯ ಮೇಲಿನದನ್ನು ಹೊಡೆದುಹಾಕಬೇಡಿ. ಎಲ್ಲಿ, ಯಾಕೆ ತಪ್ಪಿತೆಂಬುದು ವಾರದ ಕೊನೆಯಲ್ಲಿ ಓದಲು ಬೇಕಾಗುತ್ತದೆ. ಪ್ರತಿ ಮಂಗಳವಾರವೂ ಅದೇ ಮೀಟಿಂಗ್ ಒಂದು ಗಂಟೆ ಹೆಚ್ಚು ನಡೆಯುತ್ತಿದ್ದರೆ ಅದು ಅನಿರೀಕ್ಷಿತವಲ್ಲ, ಎರಡೂವರೆ ಗಂಟೆಯ ಮೀಟಿಂಗ್ ಎಂದೇ ಬರೆದುಕೊಳ್ಳಬೇಕು.

ಹತ್ತನೆಯ ಹೆಜ್ಜೆ: ಸಂಜೆಯ ಹತ್ತು ನಿಮಿಷ

ನಾಳೆಯ ಹಾಳೆಯನ್ನು ನಾಳೆ ಬೆಳಿಗ್ಗೆ ಬರೆಯುವುದಕ್ಕಿಂತ ಇಂದು ಸಂಜೆ ಬರೆಯುವುದು ಮೇಲು. ದಿನದ ವಿವರಗಳೆಲ್ಲ ಆಗ ತಾಜಾ ಇರುತ್ತವೆ, ಮೊದಲ ಕೆಲಸ ಯಾವುದೆಂದು ಬೆಳಿಗ್ಗೆ ಯೋಚಿಸುತ್ತಾ ಇಮೇಲಿಗೆ ಜಾರುವ ಅಪಾಯವೂ ತಪ್ಪುತ್ತದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಲಗುವ ಮುಂಚೆ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಆಗಲೇ ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಭಾಗವಹಿಸಿದವರು 57 ಯುವಜನರು ಮಾತ್ರ, ಆದ್ದರಿಂದ ಇದನ್ನೇ ನಿದ್ರಾಹೀನತೆಗೆ ಔಷಧವೆಂದು ಸಾರುವುದು ಬೇಡ. ಐದು ನಿಮಿಷದ ಖರ್ಚಿಗೆ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಉಳಿದ ಕೆಲಸವನ್ನು ಮುಂದಿನ ದಿನಕ್ಕೆ ಇಳಿಸುವಾಗ ಅದರ ಪಕ್ಕ ಒಂದು ಚುಕ್ಕಿ ಇಡಿ. ಮೂರು ಚುಕ್ಕಿ ಬಿದ್ದ ಕೆಲಸವನ್ನು ನಾಲ್ಕನೆಯ ಸಲ ಹಾಗೆಯೇ ಇಳಿಸಬಾರದೆಂಬುದು ನಾನು ಹಾಕಿಕೊಂಡ ನಿಯಮ. ಆಗ ಅದನ್ನು ಇನ್ನೂ ಸಣ್ಣದಾಗಿ ಒಡೆಯಬೇಕು, ಅಥವಾ ಬೇರೆಯವರಿಗೆ ವಹಿಸಬೇಕು, ಅಥವಾ ಮಾಡುವುದಿಲ್ಲವೆಂದು ಸಂಬಂಧಪಟ್ಟವರಿಗೆ ತಿಳಿಸಿ ಹೊಡೆದುಹಾಕಬೇಕು. ಒಮ್ಮೆ ಹಳೆಯ ಕಡತಗಳನ್ನು ಜೋಡಿಸುವ ಕೆಲಸವೊಂದು 11 ವಾರ ನನ್ನ ಹಾಳೆಗಳಲ್ಲಿ ಓಡಾಡಿತ್ತು. ಕೊನೆಗೆ ಅದನ್ನು ಮಾಡುವುದಿಲ್ಲವೆಂದು ತೀರ್ಮಾನಿಸಿದೆ. ಆ ಕಡತಗಳನ್ನು ಇಂದಿಗೂ ಯಾರೂ ಕೇಳಿಲ್ಲ.

ಕಾಗದವೋ ಆ್ಯಪೋ ಎಂಬ ಪ್ರಶ್ನೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಗೊತ್ತಾದ ಭೇಟಿಗಳು, ಕೊನೆಯ ದಿನಾಂಕಗಳು ನೆನಪಿಸುವ ಸದ್ದು ಬರುವ ಕ್ಯಾಲೆಂಡರಿನಲ್ಲಿರಲಿ, ದಿನದ ಹಾಳೆ ಕಣ್ಣಿಗೆ ಬೀಳುವ ಕಡೆ ಇರಲಿ. ಹೊಸ ಆ್ಯಪಿಗೆ ಪಟ್ಟಿ ಸಾಗಿಸುವುದರಲ್ಲೇ ಒಂದು ಭಾನುವಾರ ಕಳೆದಿದ್ದರೆ ಅದನ್ನೂ ದಾಖಲೆಯಲ್ಲಿ ಪ್ರಾಮಾಣಿಕವಾಗಿ ಬರೆದುಬಿಡಿ.

ಹೊತ್ತು ತಮ್ಮ ಕೈಯಲ್ಲಿಲ್ಲದವರಿಗೆ

ಹಸುಗೂಸನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುತ್ತಿರುವವರು, ಪಾಳಿಯ ಕೆಲಸದವರು, ಗಿರಾಕಿ ಬಂದಾಗ ಏಳಲೇಬೇಕಾದವರು ಇದುವರೆಗಿನದನ್ನು ಓದಿ ಇದು ತಮಗಲ್ಲವೆಂದುಕೊಂಡಿರಬಹುದು. ಗಂಟೆಗೆ ಕಟ್ಟುವ ಏಳನೆಯ ಹೆಜ್ಜೆ ನಿಜಕ್ಕೂ ಅವರಿಗಲ್ಲ. ಅವರು ಹಾಳೆಯನ್ನು ಗಂಟೆಗಳ ಬದಲು ಬಿಡುವಿನ ಉದ್ದಕ್ಕೆ ತಕ್ಕಂತೆ ಮೂರು ಭಾಗ ಮಾಡಿಕೊಳ್ಳುವುದು ಅನುಕೂಲ: 10 ನಿಮಿಷ ಸಿಕ್ಕರೆ ಮಾಡಬಹುದಾದವು, 30 ನಿಮಿಷ ಸಿಕ್ಕರೆ ಮಾಡಬಹುದಾದವು, ಯಾರಾದರೂ ಒಂದೂವರೆ ಗಂಟೆ ಹೊಣೆ ವಹಿಸಿಕೊಂಡರೆ ಮಾಡಬೇಕಾದವು. ಮೊದಲ ಭಾಗದಲ್ಲಿ ಫೋನ್ ಮಾಡುವುದು, ಬಿಲ್ ಕಟ್ಟುವುದು ಇರುತ್ತವೆ. ಮಗು ನಿದ್ದೆಹೋದ ಕ್ಷಣದಲ್ಲಿ ಏನು ಮಾಡಲೆಂದು ಯೋಚಿಸುವುದರಲ್ಲೇ ಆ ಹತ್ತು ನಿಮಿಷ ಕರಗದಂತೆ ಈ ಭಾಗ ನೋಡಿಕೊಳ್ಳುತ್ತದೆ. ಮೂರನೆಯ ಭಾಗದಲ್ಲಿ ಒಂದೇ ಒಂದು ಕೆಲಸವಿದ್ದರೆ ಒಳ್ಳೆಯದು, ಮತ್ತು ಅದಕ್ಕೆ ಬೇಕಾದ ಒಂದೂವರೆ ಗಂಟೆಯನ್ನು ಮನೆಯವರೊಡನೆ ವಾರದ ಆರಂಭದಲ್ಲೇ, ಯಾವ ದಿನ, ಎಷ್ಟು ಗಂಟೆಯಿಂದ ಎಂದು ಮಾತಾಡಿ ಗೊತ್ತುಮಾಡಿಕೊಳ್ಳಬೇಕು.